ಅಮೃತಬಳ್ಳಿಯನ್ನು ಯಾವಾಗ, ಹೇಗೆ ಸವರಬೇಕು?

ಕೋವಿಡ್ ಕಾಲದಲ್ಲಿ ಅನೇಕರು ಮನೆಯಂಗಳದಲ್ಲಿ ಅಮೃತಬಳ್ಳಿ ನೆಟ್ಟರು. ಯುನಾನಿಯಲ್ಲಿ ನಾವು ಗಿಲೋ ಎನ್ನುವುದು ಇದನ್ನೇ. ತುಮಕೂರಿನ ಮನೆಗಳಲ್ಲಿ ಈಗ ಅದು ಕಾಂಪೌಂಡ್ ದಾಟಿ ನೀರಿನ ಟ್ಯಾಂಕಿಗೆ, ಕರೆಂಟ್ ತಂತಿಗೆ ಹಬ್ಬುತ್ತಿದೆ. ಗುಬ್ಬಿ, ಕುಣಿಗಲ್ ಕಡೆ ಬೇಲಿ, ಬೇವಿನ ಮರಗಳ ಮೇಲೇರುತ್ತದೆ. ಔಷಧಿಯ ಬಳ್ಳಿಯೆಂದು ಕತ್ತರಿಸಲು ಹಿಂಜರಿಯಬೇಡಿ. ಬಳ್ಳಿ ಟ್ಯಾಂಕನ್ನು ಮುಚ್ಚಿದರೆ ಮುಚ್ಚಳ ಸರಿದದ್ದು ಕಾಣದು. ಉದುರಿದ ಎಲೆ ತಾರಸಿಯ ನೀರಿನ ದಾರಿಗೆ ಅಡ್ಡವಾಗುತ್ತದೆ. ಹಾಗೆ ನಿಂತ ನೀರೇ ಡೆಂಗಿ ಸೊಳ್ಳೆಯ ಮನೆ.

ಯಾವಾಗ?

ಬೇಸಿಗೆಯಲ್ಲಿ ಎಲೆ ಉದುರಿ ಬಳ್ಳಿ ಬೋಳಾಗಿರುವಾಗ, ಮಳೆಗೆ ಮುನ್ನ ಸವರಿ. ಔಷಧಿಗೆ ಬಲಿತ ಕಾಂಡ ತೆಗೆಯುವುದೂ ಆಗಲೇ. ಮಳೆಗಾಲದಲ್ಲಿ ದಿಕ್ಕು ತಪ್ಪಿದ ಕುಡಿಗಳನ್ನು ಮಾತ್ರ ಚಿವುಟಿ.

ಹೇಗೆ?

ಮೊದಲು ಹಕ್ಕಿಗೂಡು ಇದೆಯೇ ನೋಡಿ. ಇದ್ದರೆ ಮರಿ ಹಾರುವವರೆಗೆ ಆ ಭಾಗ ಬಿಡಿ. ತಂತಿಗೆ ತಗುಲಿದ ಬಳ್ಳಿಯನ್ನು ನೀವು ಮುಟ್ಟಬೇಡಿ, ಬೆಸ್ಕಾಂನ 1912ಕ್ಕೆ ಕರೆ ಮಾಡಿ. ಬಳಿಕ ಒಣಗಿದ ಎಳೆಗಳನ್ನು ತೆಗೆದು, ಬುಡದಲ್ಲಿ ಎರಡು ಮೂರು ಬಲವಾದ ಕಾಂಡ ಉಳಿಸಿ, ಅವನ್ನು ಎದೆಯೆತ್ತರದಲ್ಲಿ, ಗೆಣ್ಣಿನ ಸ್ವಲ್ಪ ಮೇಲೆ ಹರಿತವಾದ ಕತ್ತರಿಯಿಂದ ಕತ್ತರಿಸಿ. ಬುಡ ಕಡಿದರೂ ಮೇಲೆ ಉಳಿದ ಬಳ್ಳಿ ದಾರದಂಥ ಬೇರುಗಳನ್ನು ಇಳಿಬಿಟ್ಟು ಮತ್ತೆ ಮಣ್ಣು ಹಿಡಿಯುತ್ತದೆ. ಆದ್ದರಿಂದ ನೇತಾಡುವ ಬೇರುಗಳನ್ನೂ ತೆಗೆಯಿರಿ. ಕತ್ತರಿಸಿದ ತುಂಡುಗಳನ್ನು ಒದ್ದೆ ನೆಲದ ಮೇಲೆ ಬಿಟ್ಟರೆ ಅಲ್ಲೇ ಚಿಗುರುತ್ತವೆ.

ಕತ್ತರಿಸಿದ್ದೆಲ್ಲ ಔಷಧಿಯಲ್ಲ

ಗಿಲೋವನ್ನು ಹಕೀಮರು ಹಳೆಯ ಜ್ವರಕ್ಕೆ ಕೊಡುತ್ತ ಬಂದಿದ್ದಾರೆ. ಆದರೆ ಬಳ್ಳಿ ಸವರಿದ ದಿನ ರಾಶಿ ಬಿದ್ದ ಕಾಂಡ ನೋಡಿ ಮನೆಮಂದಿಗೆಲ್ಲ ಕಷಾಯ ಕುದಿಸಬೇಡಿ. ಇದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಅಮೃತಬಳ್ಳಿ ಸುರಕ್ಷಿತ, ಆದರೆ ಅದನ್ನೇ ಹೋಲುವ ಇನ್ನೊಂದು ಜಾತಿಯ ಬಳ್ಳಿಯೊಂದಿಗೆ ಗೊಂದಲವಾಗಬಾರದು ಎಂದು ಆಯುಷ್ ಸಚಿವಾಲಯ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿತು. ಆ ಬಳ್ಳಿಯ ಕಾಂಡ ಬೂದುಬಣ್ಣ, ಮೈತುಂಬ ಗಂಟುಗಂಟಾದ ಉಬ್ಬು, ಕೊಯ್ದರೆ ಹಾಲು ಒಸರುತ್ತದೆ. ಅನುಮಾನವಿದ್ದರೆ ಒಂದು ತುಂಡನ್ನು ಎಲೆಸಹಿತ ವೈದ್ಯರಿಗೆ ತೋರಿಸಿ.

ಬಳ್ಳಿ ಸರಿಯಾದದ್ದೇ ಆದರೂ ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಯಕೃತ್ತು ಅಥವಾ ರುಮಟಾಯ್ಡ್ ಸಂಧಿವಾತದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಕುಡಿಯುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರ ಕಡು ಹಳದಿಯಾದರೆ, ಹಸಿವು ಸತ್ತರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಕೊನೆಗೊಂದು ಮಾತು. ದಾರಿಯಲ್ಲಿ ಜನರಿಗೆ ತೊಂದರೆ ಕೊಡುವುದನ್ನು ಸರಿಸುವುದೂ ಸದಕಾ ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ನಿಮ್ಮ ಬಳ್ಳಿ ರಸ್ತೆಗೆ ಇಳಿದಿದ್ದರೆ, ನೆರೆಯವರ ಗೋಡೆ ಏರಿದ್ದರೆ, ಅವರು ದೂರುವ ಮೊದಲೇ ಕತ್ತರಿ ಕೈಗೆತ್ತಿಕೊಳ್ಳಿ.