ಬರ್ತೈತಿ ಖರೆ, ಎಷ್ಟು ಬರ್ತೈತಿ?

ರಾಣೆಬೆನ್ನೂರಿನ ಓಣಿಯೊಂದರ ಅಂಗಳ. ಬೇವಿನ ಮರದಡಿ ಕಾರ್ಬುರೇಟರ್ ಕಾಲದ ಓಮ್ನಿ. ಹಿಂದಿನ ಸೀಟು ಎಂದೋ ಮಾಯವಾಗಿ, ಅಲ್ಲೀಗ ಮೆಣಸಿನಕಾಯಿ ಚೀಲಗಳ ಕೆಂಪು ಧೂಳು. ಖಾಲಿ ಗಾಡಿ ಓಡುತ್ತದೆ. ಬ್ಯಾಡಗಿ ಮಾರುಕಟ್ಟೆಗೆಂದು ಲೋಡು ಹೇರಿದರೆ ಮೋಟೆಬೆನ್ನೂರು ಮುಟ್ಟುವಷ್ಟರಲ್ಲಿ ಮುಗ್ಗರಿಸಿ ನಿಲ್ಲುತ್ತದೆ.

“ಪೆಟ್ರೋಲ್ ಬರ್ತೈತಲ್ಲೋ ತಮ್ಮಾ” ಅನ್ನುತ್ತಾನೆ ಮಾಲೀಕ.

“ಬರ್ತೈತಿ ಖರೆ ಕಾಕಾ, ಎಷ್ಟು ಬರ್ತೈತಿ?” ಮಿಸ್ತ್ರಿ ತೋಳು ಮಡಚುತ್ತಾನೆ.

ಪಾನಾಕ್ಕೆ ಕೈ ಹಾಕುವ ಮೊದಲು ಒಳಗೊಂದು ಕೂಗು: “ಅಕ್ಕಾರ, ಬಚ್ಚಲ ಒಲಿ ಆರಸ್ರಿ!” ಒಲೆ ಹತ್ತು ಮಾರು ದೂರವಿದೆ, ಆದರೂ ಅವನ ಹಟ ಸರಿಯೇ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲ ಹಿಡಿದೇ ಹರಿದು ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಕಾಕಾನ ಬೀಡಿ, ಹುಡುಗರ ಮೊಬೈಲು ಕಟ್ಟೆಯಾಚೆ ಹೋದವು. ಮರಳಿನ ಬಕೆಟ್ಟು, ಪುಡಿಯ ಅಗ್ನಿಶಾಮಕ ಕೈಗೆಟುಕುವಲ್ಲಿ ಬಂದವು. ನೀರು ಬೇಡ, ಪೆಟ್ರೋಲ್ ಅದರ ಮೇಲೆ ತೇಲಿಕೊಂಡೇ ಉರಿಯುತ್ತದೆ.

ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗಿದೆ. ಅಂದರೆ ಆವಿ ತುಂಬಿಕೊಳ್ಳುವುದು ಕೂರುವ ಜಾಗದಲ್ಲೇ. ಬಾಗಿಲುಗಳೆಲ್ಲ ತೆರೆದಿವೆ, ಎಂಜಿನ್ ರಾತ್ರಿಯಿಡೀ ತಣಿದಿದೆ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಇಗ್ನಿಷನ್ ಕಾಯಿಲ್‌ಗೆ ಕರೆಂಟು ತರುವ ತಂತಿಯನ್ನೂ ತೆಗೆದು ತುದಿಗೆ ಟೇಪು ಸುತ್ತುತ್ತಾನೆ. ಆಮೇಲೆ ಕಾರ್ಬುರೇಟರ್‌ಗೆ ಹೋಗುವ ಪೈಪು ಬಿಚ್ಚಿ, ಅದಕ್ಕೊಂದು ಉದ್ದದ ಹೊಸ ಪೈಪು ಸೇರಿಸಿ ಕ್ಲಿಪ್ಪು ಬಿಗಿದು, ಬಾಗಿಲ ಹೊರಗಿನ ತಗಡಿನ ಮಾಪಿಗೆ ಬಿಡುತ್ತಾನೆ. ಮಾಪಿನಿಂದ ಗಾಡಿಯ ಬಾಡಿಗೊಂದು ತಂತಿ. ಪ್ಲಾಸ್ಟಿಕ್ ಬಾಟಲಿ ತಂದ ಹುಡುಗನಿಗೆ ಬೈಗುಳ ಬಿತ್ತು, ಸ್ಥಿರ ವಿದ್ಯುತ್ತಿನ ಪಾಠ ಅದರೊಳಗೇ ಮುಗಿಯಿತು. ಬಾಯಿಂದ ಪೆಟ್ರೋಲ್ ಎಳೆಯುವ ನಮ್ಮ ಊರ ಮಂದಿ ಇದನ್ನೆಲ್ಲ ನೋಡಿ ನಗಬಹುದು, ನಗಲಿ.

ಬ್ಯಾಟರಿ ತಂತಿ ಮತ್ತೆ ಸೇರಿತು. “ಹೊಡೀರಿ ಕಾಕಾ.” ಸ್ಟಾರ್ಟರ್ ಕೊರಗುತ್ತದೆ, ಎಂಜಿನ್ ಸುತ್ತುತ್ತದೆ, ಹೊತ್ತುವುದಿಲ್ಲ. ಕ್ಯಾಮ್‌ಶಾಫ್ಟ್ ಒಂದು ಸುತ್ತು ಬಂದಂತೆಲ್ಲ ಪಂಪಿನ ಡಯಾಫ್ರಾಮ್ ಒಮ್ಮೆ ತಳ್ಳುತ್ತದೆ. ಎಮ್ಮೆ ಹಿಂಡಿದಂತೆ ಚಿಳಕ್, ಚಿಳಕ್. 15 ಸೆಕೆಂಡಿಗೆ “ಸಾಕ್ರಿ!” ಇನ್ನೂ ಎಳೆದರೆ ಸ್ಟಾರ್ಟರ್ ಕಾಯುತ್ತದೆ. ಮಾಪಿನ ತಳ ಮಾತ್ರ ಮುಚ್ಚಿದೆ. ಪೈಪಿನ ಬಾಯಲ್ಲಿ ಸಾಲು ಸಾಲು ಗುಳ್ಳೆ.

ಗುಳ್ಳೆ ಕಂಡದ್ದೇ ಅವನು ಪಂಪು ಬಿಟ್ಟು ಟ್ಯಾಂಕಿನ ಕಡೆ ಬಗ್ಗಿದ. ಅಲ್ಲಿಂದ ಬರುವ ರಬ್ಬರ್ ಪೈಪು ಕ್ಲಿಪ್ಪಿನ ಪಕ್ಕದಲ್ಲಿ ಉಗುರಿನಷ್ಟು ಸೀಳಿದೆ. ಅದು ಎಳೆಯುವ ಬದಿ. ಪೆಟ್ರೋಲ್ ಹೊರಗೆ ಸೋರದೆ, ಗಾಳಿಯೇ ಒಳಗೆ ನುಗ್ಗುತ್ತಿತ್ತು. ಅದಕ್ಕೇ ನೆಲದ ಮೇಲೆ ಎಂದೂ ಹನಿ ಕಂಡಿರಲಿಲ್ಲ. ಶೇ. 20 ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ಒಗ್ಗುವಂಥ ಪೈಪು, ಜೊತೆಗೊಂದು ಫಿಲ್ಟರ್ ಹಾಕಿ ಮತ್ತೆ ಅದೇ 15 ಸೆಕೆಂಡು. ಈ ಸಲ ಅಳತೆ ಮೊದಲಿನ ಎರಡರಷ್ಟು ದಾಟಿತು, ಗುಳ್ಳೆ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಯವರು ತಮ್ಮ ಹೊಸ ಕಾರಿನ ಕೀಲಿ ಹಿಡಿದು ಬಂದರು. “ಇದನ್ನೂ ಹಿಂಗ ನೋಡಿಬಿಡಪಾ.”

“ಅದು ಇಂಜೆಕ್ಷನ್ ಗಾಡಿ ಸರ, ಪಂಪ್ ಟ್ಯಾಂಕಿನೊಳಗ ಐತಿ. ಮೂರು ಬಾರ್ ಪ್ರೆಶರ್ ಇರ್ತೈತಿ, ಪೈಪ್ ಬಿಚ್ಚಿದ್ರ ಮುಖಕ್ಕ ಹೊಡೀತೈತಿ. ಗೇಜ್ ಇದ್ದಲ್ಲೇ ನೋಡಬೇಕು. ಹಾವೇರಿಗೆ ಒಯ್ರಿ.”