ದುಡಿಮೆ ನಿಂತ ದೇಹಕ್ಕೆ ತಕ್ಕ ಊಟ: ನಡೆಯಲಾಗದ ಮಧುಮೇಹಿಗಳಿಗೆ ಆಹಾರ ಕ್ರಮ

ಎರಡನೇ ವಿಧದ ಮಧುಮೇಹವಿರುವುದು ಖಚಿತವಾದ ಕೂಡಲೇ ದೊರೆಯುವ ಮೊದಲ ಸಲಹೆ ಊಟದಲ್ಲಿ ಹಿಡಿತವಿರಲಿ, ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂಬುದು. ಸಲಹೆ ಸರಿಯಾದುದೇ. ಆದರೆ ಮಂಡಿ ಸವೆದು ಬಾಗಿಲು ದಾಟಲೂ ಕೋಲು ಹಿಡಿಯುವವರು, ಪಾರ್ಶ್ವವಾಯುವಿಗೆ ತುತ್ತಾದವರು, ಪಾದದಲ್ಲಿ ಮಾಯದ ಹುಣ್ಣಿರುವವರು ಅರ್ಧ ಗಂಟೆ ನಡೆಯುವುದಾದರೂ ಹೇಗೆ? ನಡೆಯಲಾಗದ ಮೇಲೆ ಪಥ್ಯದಿಂದೇನು ಪ್ರಯೋಜನ ಎಂದು ಕೈಚೆಲ್ಲಿದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅಂಥವರಿಗೂ ಅವರ ಮನೆಯಲ್ಲಿ ಅಡುಗೆ ಮಾಡುವವರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

ನಾವು ಉಂಡ ಪಿಷ್ಟವು ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಅದರ ಹೆಚ್ಚಿನ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ನೆರವನ್ನು ಹೆಚ್ಚಾಗಿ ಬೇಡದೆಯೇ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ. ಕುಳಿತ ದೇಹದಲ್ಲಿ ಈ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದ ದೇಹದಲ್ಲಿ ಸಕ್ಕರೆಯು ರಕ್ತದಲ್ಲಿಯೇ ಉಳಿಯುತ್ತದೆ. ಆದುದರಿಂದ ನಡೆಯಲಾಗದವರು ಒಂದು ಹೊತ್ತಿಗೆ ಎಷ್ಟು ಪಿಷ್ಟ ಒಳಹೋಗುತ್ತದೆ ಎಂಬುದನ್ನು ಇತರರಿಗಿಂತ ಹೆಚ್ಚು ಗಮನಿಸಬೇಕಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗಳ 2020ರ ಶಿಫಾರಸಿನಂತೆ 65 ಕಿಲೋ ತೂಕದ, ಕಠಿಣ ದುಡಿಮೆಯ ಪುರುಷನಿಗೆ ದಿನಕ್ಕೆ ಸುಮಾರು 3470 ಕಿಲೋ ಕ್ಯಾಲೊರಿ ಶಕ್ತಿ ಬೇಕು. ಅದೇ ತೂಕದ, ಕುಳಿತೇ ಇರುವ ಪುರುಷನಿಗೆ 2110 ಸಾಕು. 55 ಕಿಲೋ ತೂಕದ ಮಹಿಳೆಗೆ ಈ ಅಂಕಿಗಳು ಕ್ರಮವಾಗಿ 2720 ಮತ್ತು 1660. ಪುರುಷನ ಲೆಕ್ಕದಲ್ಲಿ ವ್ಯತ್ಯಾಸ 1360 ಕಿಲೋ ಕ್ಯಾಲೊರಿ, ಅಂದರೆ 400 ಗ್ರಾಂಗೂ ಮಿಕ್ಕಿದ ರಾಗಿ ಹಿಟ್ಟು! ನೇಗಿಲು ಹಿಡಿದ ದಿನಗಳ ತಟ್ಟೆಯೇ ಜಗಲಿಯಲ್ಲಿ ಕುಳಿತ ದಿನಗಳಲ್ಲಿಯೂ ಮುಂದುವರಿದರೆ ಆ ಹೆಚ್ಚುವರಿ ಭಾಗವು ಸೊಂಟದ ಸುತ್ತ ಕೊಬ್ಬಾಗಿ ಸೇರಿ ಇನ್ಸುಲಿನ್ನಿನ ಕೆಲಸವನ್ನು ಇನ್ನಷ್ಟು ಕೆಡಿಸುತ್ತದೆ, ಸವೆದ ಮಂಡಿಯ ಮೇಲೂ ಭಾರ ಹೆಚ್ಚುತ್ತದೆ.

ರಾಗಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ

ಅನ್ನ ಬಿಟ್ಟು ಮುದ್ದೆ ಉಂಡರೆ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರುತ್ತದೆ ಎಂಬ ನಂಬಿಕೆ ಹಳೆಯ ಮೈಸೂರು ಭಾಗದಲ್ಲಿ ಬಲವಾಗಿದೆ. ಸಿರಿಧಾನ್ಯಗಳ ಪ್ರಚಾರದಲ್ಲಿ ತೊಡಗಿರುವ ನಾವೂ ಇದಕ್ಕೆ ಸ್ವಲ್ಪ ಕಾರಣರಿರಬಹುದು. ರಾಗಿ ಉತ್ತಮ ಧಾನ್ಯವೆಂಬುದರಲ್ಲಿ ಸಂಶಯವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಂಶವಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು 3 ಗ್ರಾಂ ಮಾತ್ರ. ಸುಣ್ಣದಂಶದಲ್ಲಿಯಂತೂ ಅಕ್ಕಿ ರಾಗಿಯ ಸಮೀಪಕ್ಕೂ ಬಾರದು. ಆದರೆ ಪಿಷ್ಟದ ಲೆಕ್ಕದಲ್ಲಿ ಅಂತರ ಕಡಿಮೆ: ರಾಗಿಯಲ್ಲಿ ಸುಮಾರು 67 ಗ್ರಾಂ, ಅಕ್ಕಿಯಲ್ಲಿ 78 ಗ್ರಾಂ. ಅಲ್ಲದೆ ನುಣ್ಣಗೆ ಬೀಸಿದ ಹಿಟ್ಟು ಚೆನ್ನಾಗಿ ಬೆಂದು ಮುದ್ದೆಯಾದಾಗ, ಅದನ್ನು ಅಗಿಯದೆ ನುಂಗಿದಾಗ, ಜೀರ್ಣಕ್ರಿಯೆಯು ಬೇಗನೆ ಆಗುತ್ತದೆ. ಒಂದು ತಟ್ಟೆ ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ ಉಂಡವರ ರಕ್ತಪರೀಕ್ಷೆಯಲ್ಲಿ ಸಕ್ಕರೆ ಇಳಿಯದಿರುವುದಕ್ಕೆ ಕಾರಣ ಇದೇ. ನವಣೆ, ಸಾಮೆ, ಹಾರಕ, ಜೋಳದ ರೊಟ್ಟಿ, ಕರಾವಳಿಯ ಕುಚ್ಚಲಕ್ಕಿ ಇವುಗಳಿಗೂ ಅಳತೆಯ ಮಾತು ಅನ್ವಯಿಸುತ್ತದೆ.

ಹಾಗಾದರೆ ಎಷ್ಟು? ಮನೆಯಲ್ಲಿ ಕುಳಿತಿರುವ ವಯಸ್ಕರು ಒಂದು ಹೊತ್ತಿಗೆ 60 ಗ್ರಾಂ ಹಿಟ್ಟಿನಿಂದ ಆರಂಭಿಸಬಹುದು. ಇದರಲ್ಲಿ ಸುಮಾರು 40 ಗ್ರಾಂ ಪಿಷ್ಟವಿರುತ್ತದೆ. ಬೆಂದಾಗ ಅದು ಸಾಧಾರಣ ಕಿತ್ತಳೆ ಹಣ್ಣಿನ ಗಾತ್ರದ ಮುದ್ದೆಯಾಗುತ್ತದೆ. ಒಮ್ಮೆ ತಕ್ಕಡಿಯಲ್ಲಿ ತೂಗಿ, ಆ ಹಿಟ್ಟು ತುಂಬುವ ಲೋಟವೊಂದನ್ನು ಗುರುತಿಟ್ಟುಕೊಂಡರೆ ಮತ್ತೆ ಮತ್ತೆ ತೂಗಬೇಕಾಗಿಲ್ಲ. ಹಿಟ್ಟನ್ನು ಜರಡಿ ಹಿಡಿದು ತೌಡನ್ನು ಚೆಲ್ಲಬಾರದು. ಮುದ್ದೆಯ ನಂತರ "ಒಂದು ತುತ್ತು ಅನ್ನ" ಎಂಬ ಪದ್ಧತಿಯನ್ನು ಬಿಡಬೇಕು. ಆ ತುತ್ತು ಅರ್ಧ ತಟ್ಟೆಯಾಗಿರುವುದೇ ಹೆಚ್ಚು.

ಬಸ್ಸಾರಿನ ಪಲ್ಯವನ್ನು ತಟ್ಟೆಯ ನಡುವೆ ಇಡಿ

ಮುದ್ದೆ ಚಿಕ್ಕದಾದರೆ ಹೊಟ್ಟೆ ತುಂಬುವುದಿಲ್ಲವೆಂಬುದು ನಿಜವಾದ ತೊಂದರೆ. ಹಸಿದವರು ಪಥ್ಯವನ್ನು ವಾರದೊಳಗೆ ಮುರಿಯುತ್ತಾರೆ. ಇದಕ್ಕೆ ಉತ್ತರ ನಮ್ಮ ಅಡುಗೆಯಲ್ಲಿಯೇ ಇದೆ. ಬಸ್ಸಾರಿಗೆ ಸೊಪ್ಪು ಮತ್ತು ಕಾಳನ್ನು ಬೇಯಿಸಿ ಬಸಿದ ಮೇಲೆ ಉಳಿಯುವ ಪಲ್ಯವು ನಾರು ಮತ್ತು ಸಸಾರಜನಕಗಳಿಂದ ಕೂಡಿರುತ್ತದೆ. ಆದರೆ ಸಾಮಾನ್ಯವಾಗಿ ಅದು ತಟ್ಟೆಯ ಅಂಚಿನಲ್ಲಿ ಒಂದು ಚಮಚವಷ್ಟೇ ಇರುತ್ತದೆ. ಈ ಕ್ರಮವನ್ನು ತಿರುಗಿಸಿ. ತಟ್ಟೆಯ ಅರ್ಧದಷ್ಟು ದಂಟು, ಕಿರಕಸಾಲೆ, ಮೆಂತ್ಯ, ನುಗ್ಗೆ ಮುಂತಾದ ಸೊಪ್ಪು ಅಥವಾ ಹೀರೆ, ಬದನೆ, ಹುರುಳಿಕಾಯಿಯಂಥ ತರಕಾರಿಯಿರಲಿ. ಕಾಲು ಭಾಗ ಹುರುಳಿ, ಅಲಸಂದೆ, ಹೆಸರು ಅಥವಾ ಅವರೆ ಕಾಳು. ಉಳಿದ ಕಾಲು ಭಾಗಕ್ಕೆ ಮುದ್ದೆ, ರೊಟ್ಟಿ ಅಥವಾ ಅನ್ನ. ಉತ್ತರ ಕರ್ನಾಟಕದಲ್ಲಿ ಪುಂಡಿಪಲ್ಯ, ಮಡಿಕೆಕಾಳಿನ ಉಸುಳಿ, ಹಸಿ ಮೂಲಂಗಿ, ಸೌತೆಗಳಿಂದ ಇದೇ ತಟ್ಟೆ ಸಿದ್ಧವಾಗುತ್ತದೆ. ಆಲೂಗಡ್ಡೆ, ಗೆಣಸು ಮತ್ತು ಮರಗೆಣಸನ್ನು ತರಕಾರಿಯೆಂದು ಎಣಿಸದೆ ಧಾನ್ಯದ ಪಾಲಿಗೆ ಸೇರಿಸಬೇಕು.

ಉಣ್ಣುವ ಅನುಕ್ರಮವೂ ಮುಖ್ಯ. ಪಲ್ಯ ಮತ್ತು ಕಾಳನ್ನು ಮೊದಲು ತಿಂದು, ಕೊನೆಯಲ್ಲಿ ಮುದ್ದೆ ಅಥವಾ ಅನ್ನವನ್ನು ಉಂಡಾಗ ಊಟದ ನಂತರದ ಸಕ್ಕರೆಯ ಏರಿಕೆ ಕಡಿಮೆಯಾಗುತ್ತದೆ. ಇದಕ್ಕೆ ಹೆಚ್ಚುವರಿ ಖರ್ಚಿಲ್ಲ.

ಕುಳಿತವರಲ್ಲಿ ಸ್ನಾಯು ಬೇಗ ಕರಗುವುದರಿಂದ ಸಸಾರಜನಕವನ್ನು ಕಡೆಗಣಿಸುವಂತಿಲ್ಲ. 30 ಗ್ರಾಂ ಹುರುಳಿಯಲ್ಲಿ ಆರು ಗ್ರಾಂಗೂ ಹೆಚ್ಚು ಸಸಾರಜನಕವಿದೆ; ಒಂದು ಮೊಟ್ಟೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಮೂತ್ರಪಿಂಡದ ತೊಂದರೆಯಿರುವವರು ಕಾಳು, ಸೊಪ್ಪು, ಎಳನೀರು ಇವುಗಳ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಚಹಾದ ಲೆಕ್ಕವನ್ನು ಯಾರೂ ಊಟಕ್ಕೆ ಸೇರಿಸುವುದಿಲ್ಲ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚವೆಂದರೆ 40 ಗ್ರಾಂ ಸಕ್ಕರೆ. ಬೆಲ್ಲಕ್ಕೆ ಬದಲಾಯಿಸಿದರೆ ಲಾಭವಿಲ್ಲ. ಬೆಲ್ಲದ ಬಹುಭಾಗವೂ ಸಕ್ಕರೆಯೇ. ಸಂಜೆಯ ಮಂಡಕ್ಕಿ ಹಗುರವೆನಿಸಿದರೂ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅದರ ಬದಲು ಒಂದು ಹಿಡಿ ಹುರಿದ ಕಡಲೆ ಅಥವಾ ಬೇಯಿಸಿದ ಶೇಂಗಾ ಸಾಕು. ಹಣ್ಣಿನಲ್ಲಿ ಸೀಬೆ, ನೇರಳೆ, ಪರಂಗಿ ಮಿತವಾಗಿರಲಿ. ರಸ ತೆಗೆದು ಕುಡಿಯುವುದು ಬೇಡ. ಹಾಗಲಕಾಯಿ ಮತ್ತು ಮೆಂತ್ಯ ಒಳ್ಳೆಯ ಆಹಾರಗಳು, ಆದರೆ ಅವು ಮಾತ್ರೆಗೆ ಬದಲಿಯಲ್ಲ.

ಊಟ ಇಳಿಸುವ ಮುನ್ನ ಮಾತ್ರೆಯ ಚೀಟಿ ನೋಡಿ

ವಿಸ್ತರಣಾ ಕಾರ್ಯಕರ್ತರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು ಹಾಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆ ಸೇವಿಸುವವರು ಮುದ್ದೆಯ ಗಾತ್ರವನ್ನು ಒಮ್ಮೆಗೇ ಅರ್ಧಕ್ಕಿಳಿಸಿದರೆ, ಔಷಧಿಯ ಪ್ರಮಾಣ ಹಿಂದಿನಷ್ಟೇ ಇರುವುದರಿಂದ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ಏಕಾದಶಿ, ಶಿವರಾತ್ರಿಯ ಉಪವಾಸಗಳಲ್ಲಿಯೂ ಹೀಗೆಯೇ. ಇಂಥವರು ಮೊದಲು ವೈದ್ಯರಿಗೆ ತಿಳಿಸಿ, ಔಷಧಿಯ ಪ್ರಮಾಣವನ್ನು ಸರಿಪಡಿಸಿಕೊಂಡ ಮೇಲೆಯೇ ಊಟ ಇಳಿಸಬೇಕು.

ಬೆವರು, ಕೈನಡುಕ, ಎದೆಬಡಿತ, ಹಠಾತ್ ಹಸಿವು, ತೊದಲು ಮಾತು ಕುಸಿತದ ಲಕ್ಷಣಗಳು. ಸಕ್ಕರೆಯು 70 ಮಿಲಿ ಗ್ರಾಂಗಿಂತ ಕೆಳಗಿದ್ದರೆ, ಅಥವಾ ಅಳೆಯಲು ಯಂತ್ರವಿಲ್ಲದೆ ಲಕ್ಷಣಗಳಷ್ಟೇ ಕಂಡರೂ, ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಸುಧಾರಿಸಿದ ಮೇಲೆ ಊಟ ಮಾಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಮನೆಯವರೆಲ್ಲರಿಗೂ, ಮಕ್ಕಳಿಗೂ ಇದು ತಿಳಿದಿರಲಿ.

ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಜೀವಸತ್ವದ ಕೊರತೆಯಾಗಬಹುದು. ಪಾದದ ಜೋಮು ಅದರಿಂದಲೂ ಬರುವುದರಿಂದ ಪರೀಕ್ಷೆ ಮಾಡಿಸುವುದು ಉಚಿತ.

ನಡೆಯಲಾಗದವರೂ ಊಟವಾದ ಮೇಲೆ ಕುರ್ಚಿಯಲ್ಲಿ ಕುಳಿತು, ನೋವಾಗದಷ್ಟು, ಮೊಣಕಾಲನ್ನು ನೀಡಿ ಮಡಿಸುವುದು, ಹಿಮ್ಮಡಿ ಎತ್ತಿ ಇಳಿಸುವುದು, ಕಾಳು ಹಸನು ಮಾಡುವುದು ಮುಂತಾಗಿ ಹತ್ತು ನಿಮಿಷ ಅಲುಗಾಡುತ್ತಿದ್ದರೆ ಅಷ್ಟರಮಟ್ಟಿಗೆ ಸಹಾಯವಾಗುತ್ತದೆ. ಪಾದದಲ್ಲಿ ಹುಣ್ಣಿದ್ದರೆ ಆ ಕಾಲಿನ ಮೇಲೆ ಭಾರ ಬೀಳಕೂಡದು.

ಇಷ್ಟೆಲ್ಲ ಬದಲಾವಣೆಯಿಂದ ಫಲ ದೊರೆತಿದೆಯೇ ಎಂದು ತಿಳಿಯಲು ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಯ ನಂತರ ಒಮ್ಮೆ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ. ಸಾಮಾನ್ಯವಾಗಿ ಊಟಕ್ಕೆ ಮೊದಲು 80ರಿಂದ 130, ಊಟದ ನಂತರ 180ಕ್ಕಿಂತ ಕಡಿಮೆ ಇರಬೇಕೆಂಬುದು ಗುರಿ. ವೃದ್ಧರಿಗೆ ವೈದ್ಯರು ಇದನ್ನು ಸಡಿಲಿಸುವುದುಂಟು. ಒಂದು ದಿನ ಎಂದಿನ ಊಟ, ಇನ್ನೊಂದು ದಿನ ಅಳತೆಯ ಊಟ ಮಾಡಿ ಎರಡೂ ದಿನದ ಅಂಕಿಗಳನ್ನು, ಉಂಡದ್ದೇನೆಂಬುದರೊಂದಿಗೆ, ಒಂದು ಚೀಟಿಯಲ್ಲಿ ಬರೆದಿಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಆ ಚೀಟಿಯನ್ನೂ ಮಾತ್ರೆಗಳನ್ನೂ ಜೊತೆಯಲ್ಲಿ ಒಯ್ಯಿರಿ.