ಅನ್ನದ್ವೇಷವೆಂಬ ವ್ಯಾಧಿಯೂ ಸಂಶೋಧನೆಯ ಹಣವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಹೆಸರನ್ನು ಒಟ್ಟಿಗೆ ಕೇಳಿದೊಡನೆ ನಮ್ಮ ವಾಚಕರಿಗೆ ಹೊಗೆಸೊಪ್ಪು ನೆನಪಾಗುವುದು ಸಹಜವೇ ಸರಿ. ಅದರ ಹರಾಜಿಗೆ ಕಟ್ಟೆಗಳುಂಟು, ಮೇಲ್ವಿಚಾರಣೆಗೆ ಮಂಡಳಿಯುಂಟು, ಬೆಳೆಯ ವಿಚಾರವನ್ನು ಶೋಧಿಸುವುದಕ್ಕೆ ಹುಣಸೂರಿನಲ್ಲಿ ಸಂಶೋಧನಾ ಕೇಂದ್ರವೂ ಉಂಟು. ಇದನ್ನು ನಾವು ಆಕ್ಷೇಪಿಸುವವರಲ್ಲ. ಆದರೆ ಇದೇ ಸೀಮೆಯಲ್ಲಿ ಹದಿನಾರರ ಹುಡುಗಿಯೊಬ್ಬಳು ಬಡಿಸಿದ ತಟ್ಟೆಯನ್ನು ಮುಟ್ಟದೆ ಎದ್ದು, ತಿಂಗಳು ತಿಂಗಳಿಗೆ ಸವೆಯುತ್ತ ಹೋದರೆ, ಆಕೆಯ ವ್ಯಾಧಿಯನ್ನು ಶೋಧಿಸುವವರು ಯಾರು?

ಅನ್ನದ್ವೇಷವೆಂಬ ಮಾತು ನಮ್ಮ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಶೋಕ, ಭಯ, ಕ್ರೋಧಗಳಿಂದಲೂ ಅರೋಚಕವುಂಟಾಗುವುದೆಂದು ಆಯುರ್ವೇದವು ಎಂದೋ ಹೇಳಿದೆ. ಅನೊರೆಕ್ಸಿಯ ಎಂದು ಈಗಿನ ವೈದ್ಯರು ಕರೆಯುವ ರೋಗವು ಮನೋವ್ಯಾಧಿಗಳಲ್ಲಿ ಅತ್ಯಂತ ಪ್ರಾಣಾಪಾಯಕರವಾದವುಗಳಲ್ಲಿ ಒಂದು. ಮಿತಿಮೀರಿ ತಿಂದು ಬಲಾತ್ಕಾರವಾಗಿ ವಾಂತಿ ಮಾಡಿಕೊಳ್ಳುವ ರೋಗವು ಇದರ ನೆರೆಯದು.

ಅನ್ನವಿಲ್ಲದವರ ನಾಡಿನಲ್ಲಿ ಅನ್ನವೊಲ್ಲದವರ ಚಿಂತೆ ಏತಕ್ಕೆಂದು ಕೆಲವರು ಕೇಳಬಹುದು. ಕೋಟೆಯ ಕಾಡಂಚಿನ ಜೇನುಕುರುಬರ ಹಾಡಿಗಳನ್ನು ಕಂಡವರು ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಹಸಿವೂ ಮನಸ್ಸೂ ಬೇರೆ ಬೇರೆಯಲ್ಲ. 1944-45ರಲ್ಲಿ ಅಮೆರಿಕದ ಮಿನಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿದ್ವಾಂಸರು 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರಗಳ ಕಾಲ ಅರೆಹೊಟ್ಟೆಯ ಊಟವಿತ್ತು ಪರೀಕ್ಷಿಸಿದರು. ಅವರು ಖಿನ್ನರಾದರು, ಹಗಲಿರುಳೂ ಊಟವನ್ನೇ ಧ್ಯಾನಿಸಿದರು. ಬಳಿಕ ಹೊಟ್ಟೆ ತುಂಬ ಉಣ್ಣಬಹುದಾದಾಗ ಕೆಲವರಿಗೆ ನಿಲ್ಲಿಸುವುದೇ ತಿಳಿಯಲಿಲ್ಲ. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಅಗಿದು ಹಸಿವನ್ನು ಅಡಗಿಸಿ ಗದ್ದೆಗೆ ನಡೆಯುವವರ ದೇಶದಲ್ಲಿ ಈ ವಿಚಾರವು ಸಿರಿವಂತರದು ಮಾತ್ರವೆಂಬುದನ್ನು ನಾವು ಒಪ್ಪಲಾರೆವು.

ನಮ್ಮಲ್ಲಿ ಕೆಲಸವೇ ನಡೆದಿಲ್ಲವೆಂದಲ್ಲ. ಬೆಂಗಳೂರಿನ ಮನೋವೈದ್ಯರನ್ನು ವಿಚಾರಿಸಿ 2012ರಲ್ಲಿ ಪ್ರಕಟವಾದ ವರದಿಯಂತೆ, ಉತ್ತರಿಸಿದವರಲ್ಲಿ ಸುಮಾರು ಮೂರನೆಯ ಎರಡು ಪಾಲು ಜನರು ಇಂತಹ ರೋಗಿಯನ್ನು ಒಬ್ಬರನ್ನಾದರೂ ಕಂಡಿದ್ದರು. ಮೈಸೂರಿನ 1600 ವಿದ್ಯಾರ್ಥಿಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಲೇಖನವು ಅವರಲ್ಲಿ ಸುಮಾರು ನಾಲ್ಕನೆಯ ಒಂದು ಪಾಲಿನವರ ಆಹಾರವೃತ್ತಿ ಸಮವಾಗಿಲ್ಲವೆಂದು ತಿಳಿಸಿತು. ಇದು ಪ್ರಶ್ನಾವಳಿಯ ಫಲವೇ ಹೊರತು ರೋಗನಿರ್ಣಯವಲ್ಲ. ಅಷ್ಟು ಮಂದಿಯೂ ರೋಗಿಗಳೆಂದು ಗಾಬರಿಗೊಳ್ಳತಕ್ಕದ್ದಿಲ್ಲ. ಪರದೇಶದಲ್ಲಿ ಸಿದ್ಧವಾದ ಪ್ರಶ್ನೆಗಳು ದಪ್ಪಗಾಗುವ ಭಯವನ್ನೇ ಮುಂದಿಟ್ಟು ಕೇಳುತ್ತವೆ. ನಮ್ಮ ಹುಡುಗಿಯಾದರೋ ಹೊಟ್ಟೆ ಉಬ್ಬರವೆಂದಾಳು, ಸೇರುವುದಿಲ್ಲವೆಂದಾಳು, ವ್ರತವೆಂದಾಳು; ಮನೆಯವರು ಗಾಳಿ ಸೋಕಿತೆಂದಾರು. ಈ ಮಾತುಗಳಿಗೆ ಕಿವಿಗೊಡುವ ಪ್ರಶ್ನಾವಳಿಯನ್ನು ಪಿರಿಯಾಪಟ್ಟಣದ ಕನ್ನಡದಲ್ಲಿಯೇ ರಚಿಸಬೇಕು.

ಇದು ಒಂದು ಸಂಸ್ಥೆಯಿಂದಾಗುವ ಕಾರ್ಯವಲ್ಲ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಿಶ್ವವಿದ್ಯಾನಿಲಯ ಮತ್ತು ವೈದ್ಯ ಕಾಲೇಜುಗಳು, ಆಹಾರ ಸಂಶೋಧನಾಲಯ, 1984ರಲ್ಲಿ ಸ್ಥಾಪಿತವಾಗಿ ಕೋಟೆ ಸೀಮೆಯ ಗಿರಿಜನರ ನಡುವೆ ದುಡಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇವೆಲ್ಲ ಕೂಡಬೇಕು. ಕೂಡಿದರೆ ಆಗುವುದೆಂಬುದಕ್ಕೆ ನಿದರ್ಶನವುಂಟು. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ, ಹುಟ್ಟಿದ ಮಕ್ಕಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿದ್ವಾಂಸರೊಡನೆ ವರ್ಷಾನುವರ್ಷ ಪರೀಕ್ಷಿಸಲಾಯಿತು. ಹೊರಗಿನ ಹಣವನ್ನು ಬೇಡವೆನ್ನುವಷ್ಟು ಸಂಕುಚಿತರು ನಾವಲ್ಲ. ಪ್ರಶ್ನೆ ಮಾತ್ರ ನಮ್ಮದಾಗಿರಬೇಕು, ಫಲವು ನಮ್ಮ ಆಸ್ಪತ್ರೆಗಳಲ್ಲಿ ಉಳಿಯಬೇಕು.

ಚಿಕಿತ್ಸೆಯೂ ಸಂಶೋಧನೆಯ ಜೊತೆಗೇ ಸಾಗತಕ್ಕದ್ದು. ಬಹುಕಾಲ ಉಣ್ಣದವರಿಗೆ ಒಮ್ಮೆಗೇ ತುಂಬ ಉಣಿಸಿದರೆ ರಕ್ತದ ರಂಜಕಾಂಶವು ಕುಸಿದು ಪ್ರಾಣವೇ ಹೋಗಬಹುದೆಂಬುದು ಪ್ರೀತಿಯಿಂದ ತುತ್ತಿಡುವ ತಾಯಿಗೆ ಹೇಗೆ ತಿಳಿದೀತು? ಆಶಾ ಕಾರ್ಯಕರ್ತೆಯರಿಗೂ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ ಇದನ್ನು ಕಲಿಸಲು ದೊಡ್ಡ ಮೊತ್ತವೇನೂ ಬೇಕಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸಿನವರು ಸಾಮಾನ್ಯ ವೈದ್ಯರಿಗೆ ಮನೋರೋಗದ ಚಿಕಿತ್ಸೆಯನ್ನು ಕಲಿಸಿದ ಕ್ರಮವೇ ಮುಂದೆ ದೇಶಕ್ಕೆಲ್ಲ ಮಾದರಿಯಾಯಿತು. ಐದು ವರ್ಷಗಳಿಗೆ ಸಾಲುವ ಹಣವನ್ನು ಸರ್ಕಾರದವರು ಒಮ್ಮೆಗೇ ಮಂಜೂರು ಮಾಡಲಿ. ಈ ನಾಲ್ಕು ತಾಲ್ಲೂಕುಗಳ ಶಾಸಕರು ಮುಂದಿನ ಆಯವ್ಯಯದ ಅಧಿವೇಶನದಲ್ಲಿ ಹೊಗೆಸೊಪ್ಪಿನ ಬೆಲೆಯೊಡನೆ ಇದನ್ನೂ ಕೇಳಲಿ.